ರೋಗಿಯ ಗುಟ್ಟು ಯಾರ ಸ್ವತ್ತು?

ಕುಡಿತ ಬಿಡಿಸುವ ಕೇಂದ್ರಗಳ ಜಾಹೀರಾತುಗಳು ಈಗ ಬಸ್ ನಿಲ್ದಾಣದ ಗೋಡೆಗಳ ಮೇಲೆ, ಆಟೋರಿಕ್ಷಾಗಳ ಬೆನ್ನ ಮೇಲೆ, ಬೀದಿ ದೀಪದ ಕಂಬಗಳ ಮೇಲೆ ಎಲ್ಲೆಲ್ಲಿಯೂ ಕಾಣಬರುತ್ತಿವೆ. ಮೂರು ತಿಂಗಳಲ್ಲಿ ಗುಣ, ಮನೆಯ ಬಾಗಿಲಿಗೇ ಬಂದು ಕರೆದೊಯ್ಯುತ್ತೇವೆ, ಊಟ ವಸತಿ ಸೇರಿ ಒಂದೇ ದರ, ಹೀಗೆ ನಾನಾ ಬಗೆಯ ಆಶ್ವಾಸನೆಗಳು. ಗುಣವಾಗುವವರು ಗುಣವಾಗಲಿ, ಅದಕ್ಕೆ ನಮ್ಮ ತಕರಾರೇನೂ ಇಲ್ಲ. ಆದರೆ ಒಳಕ್ಕೆ ಹೋದ ಮನುಷ್ಯನ ಹೆಸರು, ಅವನ ಖಾಯಿಲೆ, ಅವನು ಡಾಕ್ಟರ ಮುಂದೆ ಬಿಚ್ಚಿಟ್ಟ ಮನೆಯ ಸಂಗತಿ, ಇವೆಲ್ಲ ಹೊರಕ್ಕೆ ಹೇಗೆ ಬರುತ್ತವೆ, ಯಾರ ಕೈ ಸೇರುತ್ತವೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುತ್ತಿಲ್ಲ. ಮಿಲ್ಲಿನ ಕಾರ್ಮಿಕನಿಗೂ ಪೇಟೆಯ ಚಿಲ್ಲರೆ ವ್ಯಾಪಾರಿಗೂ ಇದು ಅನ್ನದ ಪ್ರಶ್ನೆಯಾದ್ದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಇಲಾಖೆಯವರು ದೆಹಲಿಯ ಏಮ್ಸ್ ಸಂಸ್ಥೆಯ ಮೂಲಕ ದೇಶವ್ಯಾಪಿ ಸಮೀಕ್ಷೆ ನಡೆಸಿ 2019ರಲ್ಲಿ ಒಂದು ವರದಿ ಪ್ರಕಟಿಸಿದರು. 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆಂದೂ, 5 ಕೋಟಿ 70 ಲಕ್ಷದಷ್ಟು ಜನರಿಗೆ ಕುಡಿತದ ತೊಂದರೆಗಾಗಿ ನೆರವು ಬೇಕಾಗಿದೆಯೆಂದೂ ಅದರಲ್ಲಿ ಹೇಳಿದೆ. ಕುಡಿತಕ್ಕೆ ಪೂರ್ತಿ ದಾಸರಾದವರ ಪೈಕಿ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತದ್ದು 38 ಮಂದಿಗೆ ಒಬ್ಬನಿಗೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವನು 180 ಮಂದಿಗೆ ಒಬ್ಬ. ಉಳಿದವರು ಏಕೆ ಹೋಗಲಿಲ್ಲ? ಆಸ್ಪತ್ರೆ ಹತ್ತಿರವಿಲ್ಲ, ಕೈಯಲ್ಲಿ ಕಾಸಿಲ್ಲ, ಕುಡಿತವೂ ಒಂದು ಖಾಯಿಲೆಯೆಂಬ ತಿಳಿವಳಿಕೆಯಿಲ್ಲ. ಇವೆಲ್ಲ ನಿಜವೇ. ಆದರೆ ಕಾರ್ಮಿಕರ ಕೇರಿಯಲ್ಲಿ ಹತ್ತು ನಿಮಿಷ ಕುಳಿತು ಈ ಮಾತು ತೆಗೆದು ನೋಡಿ. ಇನ್ನೊಂದು ಉತ್ತರ ಕೇಳಿಬರುತ್ತದೆ. "ಗೊತ್ತಾದರೆ?" ಎಂಬ ಒಂದೇ ಮಾತು.

ಯಾರಿಗೆ ಗೊತ್ತಾದರೆ? ಮಿಲ್ಲಿನವನಿಗೆ ಮೇಸ್ತ್ರಿಯ ಭಯ, ಟೈಂ ಆಫೀಸಿನ ಭಯ. ಇಪ್ಪತ್ತು ದಿನ ರಜೆ ಹಾಕಿ ಕೇಂದ್ರಕ್ಕೆ ಸೇರಿದನೆಂದು ಇಟ್ಟುಕೊಳ್ಳಿ. ಹಿಂದಿರುಗಿ ಬರುವಷ್ಟರಲ್ಲಿ ಅವನು "ಕುಡುಕರ ಆಸ್ಪತ್ರೆಯಿಂದ ಬಂದವನು" ಆಗಿರುತ್ತಾನೆ. ಕುಡಿಯುತ್ತಿದ್ದಾಗ ಇಲ್ಲದ ಕಳಂಕ, ಬಿಟ್ಟು ಬಂದಾಗ ಅಂಟಿಕೊಳ್ಳುತ್ತದೆ. ಯಂತ್ರ ಕೆಟ್ಟರೆ ಅವನ ಮೇಲೆ, ನೂಲು ಹರಿದರೆ ಅವನ ಮೇಲೆ. ಬದಲಿ ಕೆಲಸಗಾರನಾಗಿದ್ದರಂತೂ ಕೇಳುವುದೇ ಬೇಡ, ಮರುದಿನದಿಂದ ಅವನ ಸರದಿಯೇ ಬರುವುದಿಲ್ಲ. ಅಂಗಡಿಯವನ ಭಯ ಬೇರೆ ಬಗೆಯದು. ಅವನ ಬಂಡವಾಳ ಪೆಟ್ಟಿಗೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಮಾರುಕಟ್ಟೆಯ ನಂಬಿಕೆಯಲ್ಲಿರುತ್ತದೆ. ಮೂವತ್ತು ದಿನದ ಉದ್ದರಿಗೆ ಸರಕು ಹಾಕುತ್ತಿದ್ದ ಸಗಟು ವ್ಯಾಪಾರಿ ಒಂದು ಸುದ್ದಿ ಕೇಳಿದರೆ ಸಾಕು, ಮಾರನೆಯ ವಾರದಿಂದ ರೊಕ್ಕ ಮುಂದಿಟ್ಟು ಸರಕು ಒಯ್ಯಿ ಎನ್ನುತ್ತಾನೆ. ಚೀಟಿಯ ಗುಂಪಿನವರು ಜಾಮೀನು ಕೇಳುತ್ತಾರೆ. ಮಗಳ ಸಂಬಂಧದ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಆದ್ದರಿಂದ ಗುಟ್ಟು ಕಾಯುವುದು ಆಸ್ಪತ್ರೆಯವರು ರೋಗಿಗೆ ತೋರುವ ಒಂದು ಮರ್ಯಾದೆ ಮಾತ್ರವೆಂದು ಯಾರೂ ತಿಳಿಯಬಾರದು. ಅದು ಚಿಕಿತ್ಸೆಯದೇ ಒಂದು ಭಾಗ. ಗುಟ್ಟು ನಿಲ್ಲುವುದಿಲ್ಲವೆಂದು ಗೊತ್ತಿದ್ದ ಕಡೆ ರೋಗಿ ಬರುವುದಿಲ್ಲ. ಬಂದರೂ ನಿಜ ಹೇಳುವುದಿಲ್ಲ. ಎಷ್ಟು ಕುಡಿಯುತ್ತಿದ್ದೆನೆಂದು ನಿಜ ಹೇಳದವನಿಗೆ ಡಾಕ್ಟರು ಸರಿಯಾದ ಔಷಧಿಯ ಪ್ರಮಾಣವನ್ನೂ ಗೊತ್ತುಮಾಡಲಾರರು. ಬಹುಕಾಲದ ಕುಡಿತವನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗುವುದುಂಟು. ಸುಳ್ಳು ಲೆಕ್ಕ ಹೇಳಿದವನಿಗೆ ಆ ಅಪಾಯ ಇನ್ನೂ ಹೆಚ್ಚು.

ಕಾನೂನು ಇದಕ್ಕೆ ಏನು ಹೇಳುತ್ತದೆ? ಕಾನೂನು ಇದೆ, ಚೆನ್ನಾಗಿಯೂ ಇದೆ. 2017ರಲ್ಲಿ ಪಾರ್ಲಿಮೆಂಟು ಮಾನಸಿಕ ಆರೋಗ್ಯ ಕಾಯಿದೆಯನ್ನು ಮಾಡಿತು. 2018ರ ಮೇ 29ರಿಂದ ಅದು ಜಾರಿಯಲ್ಲಿದೆ. "ಮಾನಸಿಕ ಆರೋಗ್ಯ" ಎಂಬ ಹೆಸರು ನೋಡಿ ಇದು ಹುಚ್ಚಾಸ್ಪತ್ರೆಯವರಿಗೆ ಸಂಬಂಧಿಸಿದ್ದು, ನಮಗಲ್ಲ ಎಂದು ವಾಚಕರು ಪುಟ ಮಗುಚಬಾರದು. ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಹುಟ್ಟುವ ಮನಸ್ಸಿನ ಸ್ಥಿತಿಗಳೂ ಈ ಕಾಯಿದೆಯ ವ್ಯಾಖ್ಯೆಯೊಳಗೇ ಬರುತ್ತವೆ. ನಮ್ಮದು ಆಸ್ಪತ್ರೆಯಲ್ಲ, ಕೇವಲ ಪುನರ್ವಸತಿ ಮನೆ ಎಂದು ಕೆಲವು ಕೇಂದ್ರದವರು ಜಾರಿಕೊಳ್ಳಲು ನೋಡುವುದುಂಟು. ಚಿಕಿತ್ಸೆ, ಚೇತರಿಕೆ, ಪುನರ್ವಸತಿ ಇವುಗಳಿಗಾಗಿ ಇಂಥ ರೋಗಿಗಳನ್ನು ಇರಿಸಿಕೊಳ್ಳುವ ಜಾಗಗಳನ್ನೆಲ್ಲ ಕಾಯಿದೆ ಒಂದೇ ಮಾತಿನಲ್ಲಿ ಕಟ್ಟಿಹಾಕಿದೆ. ಅಂಥ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಮಾಡಿಸತಕ್ಕದ್ದು. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲವೇ 5 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ.

ಈ ಕಾಯಿದೆಯ 23ನೆಯ ಕಲಮಿನಲ್ಲಿ ರೋಗಿಯ ಗುಟ್ಟಿನ ಹಕ್ಕು ಬರೆದಿದೆ. ಅವನ ಮಾನಸಿಕ ಆರೋಗ್ಯ, ಚಿಕಿತ್ಸೆ, ದೇಹಸ್ಥಿತಿ, ಇವುಗಳ ಸಂಗತಿ ಗುಪ್ತವಾಗಿರಬೇಕು. ಯಾರಿಗೆ ಹೇಳಬಹುದೆಂಬುದಕ್ಕೆ ಒಂದು ಚಿಕ್ಕ ಪಟ್ಟಿ ಕೊಟ್ಟಿದ್ದಾರೆ. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅವನು ತನ್ನ ಕರ್ತವ್ಯ ನೆರವೇರಿಸಲು ಬೇಕಾಗುವಷ್ಟು, ಚಿಕಿತ್ಸೆ ಮಾಡುವ ಇತರ ವೈದ್ಯರಿಗೆ, ಇನ್ನೊಬ್ಬರಿಗೆ ಹಾನಿ ಅಥವಾ ಹಿಂಸೆಯಾಗುವುದನ್ನು ತಡೆಯಬೇಕಾದಾಗ, ಆ ತಡೆಗೆ ಎಷ್ಟು ಬೇಕೋ ಅಷ್ಟು ಮಾತ್ರ, ಪ್ರಾಣಾಪಾಯವಿದ್ದಾಗ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಲಿ, ಹೈಕೋರ್ಟು, ಸುಪ್ರೀಂ ಕೋರ್ಟು ಮುಂತಾದ ಅಧಿಕಾರವುಳ್ಳವರ ಆಜ್ಞೆಯಿದ್ದಾಗ, ಮತ್ತು ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ. ಪಟ್ಟಿ ಇಷ್ಟೆ.

ಕಾರ್ಮಿಕ ಬಂಧುಗಳು ಈ ಪಟ್ಟಿಯನ್ನು ಎರಡು ಸಲ ಓದಬೇಕು. ಇದರಲ್ಲಿ ಮಾಲೀಕನ ಹೆಸರಿಲ್ಲ. ಮಿಲ್ಲಿನ ಮ್ಯಾನೇಜರನ ಹೆಸರಿಲ್ಲ, ಲೇಬರ್ ಆಫೀಸರನ ಹೆಸರಿಲ್ಲ, ಬ್ಯಾಂಕಿನವರ ಹೆಸರಿಲ್ಲ, ಮನೆಯ ಯಜಮಾನನ ಹೆಸರಿಲ್ಲ. ಮೇಸ್ತ್ರಿ ಫೋನು ಮಾಡಿ "ನಮ್ಮ ಹುಡುಗ ನಿಮ್ಮಲ್ಲಿದ್ದಾನೆಯೇ" ಎಂದು ಕೇಳಿದರೆ ಕೇಂದ್ರದವರು ಉತ್ತರ ಕೊಡಬೇಕಾದ ಹಂಗಿಲ್ಲ. ಕೊಡುವ ಅಧಿಕಾರವೂ ಇಲ್ಲ. ಅಣ್ಣತಮ್ಮಂದಿರಿಗೂ ಬರಿಯ ರಕ್ತಸಂಬಂಧದ ಬಲದಿಂದ ಎಲ್ಲವನ್ನೂ ತಿಳಿಯುವ ಹಕ್ಕಿಲ್ಲ, ಪ್ರತಿನಿಧಿಯಾದವನಿಗೆ ಮಾತ್ರ. ಆ ಪ್ರತಿನಿಧಿಯನ್ನು ಆರಿಸುವವನೂ ರೋಗಿಯೇ. ಬಿಳಿ ಕಾಗದದ ಮೇಲೆ ಬರೆದು ಸಹಿ ಮಾಡಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಸ್ಟಾಂಪು ಬೇಡ, ವಕೀಲರು ಬೇಡ. ಬರೆಯದೆ ಬಿಟ್ಟರೆ ಆಗ ಸಂಬಂಧಿಕರಲ್ಲೊಬ್ಬರು ತಾವಾಗಿ ಆ ಸ್ಥಾನಕ್ಕೆ ಬರುತ್ತಾರೆ. ಆಸ್ತಿಯ ವ್ಯಾಜ್ಯವಿರುವ ಮನೆಗಳಲ್ಲಿ ಇದರ ಅರ್ಥವೇನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಪೊಲೀಸರ ಮಾತು ಹೇಳಿಬಿಡೋಣ. ಒಬ್ಬ ಪೇದೆ ಬಂದು ರಿಜಿಸ್ಟರು ತೋರಿಸೆಂದರೆ ಅದು ಕೋರ್ಟಿನ ಆಜ್ಞೆಯಾಗುವುದಿಲ್ಲ. ಆದರೆ ಪಟ್ಟಿಯ ಕೊನೆಯಲ್ಲಿರುವ ಆ "ಸಾರ್ವಜನಿಕ ಸುರಕ್ಷತೆ" ಎಂಬ ಮಾತು ಬಹಳ ಸಡಿಲ. ಅದರೊಳಗೆ ಆನೆಯನ್ನೂ ತೂರಿಸಬಹುದು. ಗಾಂಜಾ ಮೊದಲಾದವುಗಳ ಚಟಕ್ಕೆ ಸಿಕ್ಕ ಹುಡುಗರು ಈ ಭಯದಿಂದಲೇ ಆಸ್ಪತ್ರೆಯ ಹತ್ತಿರ ಸುಳಿಯುವುದಿಲ್ಲ. ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಮೇಲೆ ಸಿಕ್ಕಿಬಿದ್ದ ವ್ಯಸನಿ ಸರ್ಕಾರ ನಡೆಸುವ ಅಥವಾ ಸರ್ಕಾರ ಮನ್ನಣೆ ಕೊಟ್ಟ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಸಬಾರದೆಂದು 1985ರ ಮಾದಕ ವಸ್ತುಗಳ ಕಾಯಿದೆಯ 64-ಎ ಕಲಮಿನಲ್ಲಿಯೇ ಇದೆ. ತಂದೆತಾಯಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಭಾವಚಿತ್ರಗಳ ಕಾಟ. ಸೇರಿದ ದಿನದ ಮುಖ ಒಂದು ಕಡೆ, ಮೂರು ತಿಂಗಳ ಮೇಲಿನ ಮುಖ ಇನ್ನೊಂದು ಕಡೆ, ಕೆಳಗೆ ಕೇಂದ್ರದ ಫೋನ್ ನಂಬರು. ಇಂಥ ಚಿತ್ರಗಳೂ ವಿಡಿಯೋಗಳೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿವೆ. ಸಾಲಾಗಿ ಕೂರಿಸಿ ಯೋಗ ಮಾಡಿಸುವುದು, ಅತಿಥಿಗಳು ಬಂದಾಗ ಹೂಗುಚ್ಛ ಕೊಡಿಸುವುದು, ಅದನ್ನು ಪತ್ರಿಕೆಗೆ ಕಳಿಸುವುದು. ಚಿಕಿತ್ಸೆಯಲ್ಲಿರುವವನ ಭಾವಚಿತ್ರವನ್ನಾಗಲಿ ಅವನ ಬಗ್ಗೆ ಯಾವುದೇ ಸಂಗತಿಯನ್ನಾಗಲಿ ಅವನ ಒಪ್ಪಿಗೆಯಿಲ್ಲದೆ ಸಮಾಚಾರ ಮಾಧ್ಯಮಗಳಿಗೆ ಕೊಡಬಾರದೆಂದು 24ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಗಣಕಯಂತ್ರದಲ್ಲಿ, ಮೊಬೈಲಿನಲ್ಲಿ ಶೇಖರಿಸಿಟ್ಟ ಸಂಗತಿಗೂ ಗುಟ್ಟಿನ ಹಕ್ಕು ಅನ್ವಯಿಸುತ್ತದೆ. ಒಪ್ಪಿಗೆ ಪಡೆದಿದ್ದೇವೆ ಎನ್ನುತ್ತಾರೆ. ಯಾವಾಗ ಪಡೆದಿರಿ? ಸೇರಿಸುವ ರಾತ್ರಿ, ಕೈ ನಡುಗುವ ಮನುಷ್ಯನ ಮುಂದೆ ಆರು ಹಾಳೆ ಇಟ್ಟು "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಸಹಿ ಹಾಕಿಸಿಕೊಂಡರೆ ಅದಕ್ಕೆ ಒಪ್ಪಿಗೆಯೆಂದು ಹೆಸರೇ? ಅಲ್ಲಿಗೆ ಕರೆತಂದ ಭಾವಮೈದುನನ ಸಹಿಯಂತೂ ಈ ವಿಷಯದಲ್ಲಿ ಕಾಸಿಗೂ ಬೆಲೆಯಿಲ್ಲದ್ದು.

ಗುಟ್ಟು ಹೆಚ್ಚಾಗಿ ಸೋರುವುದು ಡಾಕ್ಟರಿಂದಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಬಾಗಿಲಲ್ಲಿ ಕೂತ ಕಾವಲುಗಾರ, ಅಡುಗೆಯವನು, ಹಿಂದೆ ತಾನೇ ರೋಗಿಯಾಗಿದ್ದು ಈಗ ವಾರ್ಡನ್ ಆಗಿರುವವನು, ಬಿಲ್ಲು ಬರೆಯುವ ಗುಮಾಸ್ತ, ಇವರು ಅದೇ ಊರಿನವರು, ಅದೇ ಚಹದ ಅಂಗಡಿಗೆ ಹೋಗುವವರು. ಕಾಯಿದೆ ಗುಟ್ಟು ಕಾಯುವ ಕರ್ತವ್ಯವನ್ನು ಹೆಸರಿಟ್ಟು ಹೇರಿರುವುದು "ಆರೋಗ್ಯ ವೃತ್ತಿಯವರ" ಮೇಲೆ. ಕಾವಲುಗಾರ ಆರೋಗ್ಯ ವೃತ್ತಿಯವನೇ? ಇಲ್ಲಿ ಕಾಯಿದೆ ಬರೆದವರು ಇನ್ನೊಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು. ಸಂಬಳವಿಲ್ಲದೆ, ಬರಿಯ ಊಟಕ್ಕೆ ದುಡಿಸಿಕೊಳ್ಳುವ ಹಳೆಯ ರೋಗಿಗಳಿಂದ ಕೇಂದ್ರ ನಡೆಸುವವರು ಅವರ ಬಾಯಿಗೆ ಜವಾಬ್ದಾರಿ ಎಲ್ಲಿಂದ ತಂದಾರು? ಅಂದಹಾಗೆ, ರೋಗಿಯಿಂದ ಬಲವಂತವಾಗಿ ಕೆಲಸ ಮಾಡಿಸಬಾರದು, ಮಾಡಿದ ಕೆಲಸಕ್ಕೆ ಕೂಲಿ ಕೊಡಬೇಕು, ಬಲವಂತವಾಗಿ ತಲೆ ಬೋಳಿಸಬಾರದು, ಸಮವಸ್ತ್ರಕ್ಕೆ ಒತ್ತಾಯಿಸಬಾರದು ಎಂಬುದು ಇದೇ ಕಾಯಿದೆಯ 20ನೆಯ ಕಲಮಿನಲ್ಲಿದೆ. ಸರಪಳಿ ಹಾಕುವುದನ್ನಂತೂ ಯಾವ ರೂಪದಲ್ಲಿಯೂ ನಿಷೇಧಿಸಲಾಗಿದೆ.

ಇದು ಒಂದು ಮುಖ. ಇನ್ನೊಂದು ಮುಖ ಇದಕ್ಕಿಂತ ವಿಚಿತ್ರವಾದದ್ದು. ಊರಿಗೆಲ್ಲ ತೆರೆದುಕೊಂಡ ಅದೇ ಕಡತ ರೋಗಿಯ ಪಾಲಿಗೆ ಮುಚ್ಚಿರುತ್ತದೆ! ನನಗೆ ಯಾವ ಔಷಧಿ ಕೊಟ್ಟಿರಿ, ಎಷ್ಟು ದಿನ ಕೊಟ್ಟಿರಿ, ಯಾವ ಡಾಕ್ಟರು ನೋಡಿದರು ಎಂದು ರೋಗಿ ಕೇಳಿದರೆ "ಅದು ಗೌಪ್ಯ" ಎಂಬ ಉತ್ತರ. ಹೆಂಡತಿ ಗಂಡನನ್ನು ನೋಡಬೇಕೆಂದು ಬಂದರೆ "ಗೌಪ್ಯತೆಯ ದೃಷ್ಟಿಯಿಂದ ಮೊದಲ ತಿಂಗಳು ಭೇಟಿಯಿಲ್ಲ" ಎಂಬ ಉತ್ತರ. ಒಳಗೆ ಹೊಡೆತ ಬಿದ್ದರೂ ಗೌಪ್ಯ, ಹಳಸಿದ ಅನ್ನ ಹಾಕಿದರೂ ಗೌಪ್ಯ. ಗುಟ್ಟು ರೋಗಿಯ ಸ್ವತ್ತು. ಕೇಂದ್ರದವರು ಅದರ ಕಾವಲುಗಾರರು ಮಾತ್ರ. ಕಾವಲುಗಾರನೇ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯ ಒಡೆಯನನ್ನು ಹೊರಗೆ ನಿಲ್ಲಿಸಿದಂತಾಯಿತು ಇದು.

25ನೆಯ ಕಲಮಿನ ಪ್ರಕಾರ ರೋಗಿಗೆ ತನ್ನ ಮೂಲ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕುಂಟು. ತಿಳಿಸಿದರೆ ಅವನ ಮನಸ್ಸಿಗೆ ತೀವ್ರ ಆಘಾತವಾಗುತ್ತದೆ ಅಥವಾ ಇನ್ನೊಬ್ಬರಿಗೆ ಹಾನಿಯಾಗುವ ಸಂಭವವಿದೆ ಎನಿಸಿದ ನಿರ್ದಿಷ್ಟ ಸಂಗತಿಯನ್ನು ಮಾತ್ರ ಡಾಕ್ಟರು ತಡೆಹಿಡಿಯಬಹುದು. ಹಾಗೆ ತಡೆಹಿಡಿದಾಗ, ಇದರ ಮೇಲೆ ನೀನು ಮಂಡಲಿಗೆ ಅರ್ಜಿ ಹಾಕಬಹುದೆಂದು ರೋಗಿಗೆ ತಿಳಿಸಲೇಬೇಕು. ವೈದ್ಯರ ನಡವಳಿಕೆಯ ಬಗ್ಗೆ 2002ರಲ್ಲಿ ಮಾಡಿದ ನಿಯಮಾವಳಿಯೂ ಇದೆ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅದು ಹೇಳುತ್ತದೆ. ಭೇಟಿ, ಫೋನು, ಕಾಗದ, ಇವುಗಳ ಹಕ್ಕು 26ನೆಯ ಕಲಮಿನಲ್ಲಿದೆ. ತಾನಾಗಿ ಸೇರಿದ ರೋಗಿ ಹೊರಡುತ್ತೇನೆಂದರೆ ಬಿಡಬೇಕು. ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು, ಅಷ್ಟೆ. ಬೇರೆಯವರ ಅರ್ಜಿಯ ಮೇಲೆ ಸೇರಿಸಿಕೊಂಡವನನ್ನು ಒಂದು ಸಲಕ್ಕೆ 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಕಾದರೆ ಹೊಸದಾಗಿ ಕ್ರಮ ಜರುಗಿಸಬೇಕು, ಮಂಡಲಿಗೆ ತಿಳಿಸಬೇಕು. ಹೀಗಿರಲಾಗಿ "ಆರು ತಿಂಗಳ ಪ್ಯಾಕೇಜು, ಮಧ್ಯದಲ್ಲಿ ಬಿಡುವುದಿಲ್ಲ" ಎಂಬ ಜಾಹೀರಾತು ಯಾವ ಧೈರ್ಯದ ಮೇಲೆ ಗೋಡೆಯ ಮೇಲೆ ನಿಂತಿದೆ?

ಧೈರ್ಯದ ಮೂಲ ಶಿಕ್ಷೆಯ ಕಲಮಿನಲ್ಲಿಯೇ ಇದೆಯೆಂದು ನಮ್ಮ ಊಹೆ. ಕಾಯಿದೆಯನ್ನು ಮೊದಲ ಸಲ ಮುರಿದವನಿಗೆ ಆರು ತಿಂಗಳವರೆಗೆ ಸಜೆ, ಅಥವಾ 10 ಸಾವಿರ ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ. ಸಜೆಯಾಗುವ ಭಯವಿಲ್ಲದಿದ್ದರೆ ಹತ್ತು ಸಾವಿರವೇನು ದೊಡ್ಡದು? ಒಬ್ಬ ರೋಗಿಯ ಒಂದು ತಿಂಗಳ ಬಿಲ್ಲಿಗೇ ತೀರಿಹೋಗಬಹುದು.

ಇಲ್ಲಿ ಮಾಲೀಕರ ಪರವಾಗಿ ಒಂದು ಆಕ್ಷೇಪಣೆ ಬರುತ್ತದೆ. ಬಾಯ್ಲರಿನ ಮುಂದೆ ನಿಲ್ಲುವವನು, ಲಾರಿ ಓಡಿಸುವವನು ಕುಡಿತದ ರೋಗಿಯೆಂದು ನಮಗೆ ತಿಳಿಯಬೇಡವೇ? ನೂರು ಜನರ ಪ್ರಾಣದ ಪ್ರಶ್ನೆಯಲ್ಲವೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬಾಯ್ಲರ್ ಸಿಡಿದರೆ ಸಾಯುವವನು ಕಾರ್ಮಿಕನೇ ಹೊರತು ಮಾಲೀಕನಲ್ಲ. ಕೆಲಸದ ವೇಳೆಯಲ್ಲಿ ಕುಡಿದು ಬಂದವನ ಮೇಲೆ ಕ್ರಮ ಕೈಗೊಳ್ಳಬೇಡಿರೆಂದು ಯಾವ ಯೂನಿಯನ್ನೂ ಹೇಳಲಾರದು. ಆದರೆ ಮಾಲೀಕನಿಗೆ ತಿಳಿಯಬೇಕಾದದ್ದು ಇಂದು ಈ ಮನುಷ್ಯ ಈ ಕೆಲಸಕ್ಕೆ ಯೋಗ್ಯನೇ ಅಲ್ಲವೇ ಎಂಬುದಷ್ಟೆ. ಯೋಗ್ಯ ಎಂಬ ಒಂದು ಪದದ ಸರ್ಟಿಫಿಕೇಟು ಅದಕ್ಕೆ ಸಾಕು. ಅವನಿಗೆ ಯಾವ ಖಾಯಿಲೆಯಿತ್ತು, ಎಲ್ಲಿ ಮಲಗಿದ್ದ, ಯಾವಾಗಿನಿಂದ ಕುಡಿಯುತ್ತಿದ್ದ, ಹೆಂಡತಿ ಏಕೆ ತವರಿಗೆ ಹೋದಳು ಎಂಬುದು ಯಾವ ಬಾಯ್ಲರಿನ ಭದ್ರತೆಗೂ ಬೇಕಾಗಿಲ್ಲ. ಅಪಾಯ ತಡೆಯಲು ಬೇಕಾದಷ್ಟು ಮಾತ್ರ ಎಂದು ಕಾಯಿದೆಯೇ ಅಳತೆ ಹಾಕಿಕೊಟ್ಟಿದೆ.

ಮನೆಯ ಹೆಂಗಸರ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಕುಡಿದು ಹೊಡೆಯುವವನ ಗುಟ್ಟು ಕಾಯಬೇಕೆಂದು ಹೊಡೆತ ತಿಂದವಳಿಗೆ ಹೇಳುವ ಬಾಯಿ ಯಾರದು? ಹಿಂಸೆಯ ಅಪಾಯವಿದ್ದರೆ ಅವಳಿಗೆ ತಿಳಿಸಲು ಕಾಯಿದೆ ಅವಕಾಶವಿಟ್ಟಿದೆ. ಕೇಂದ್ರದವರು ಅದನ್ನು ಬಳಸಲೇಬೇಕು. ಗುಟ್ಟಿನ ಹಕ್ಕು ಇನ್ನೊಬ್ಬರ ಜೀವವನ್ನು ಮೀರುವುದಿಲ್ಲವೆಂದು ಸುಪ್ರೀಂ ಕೋರ್ಟು 1998ರಲ್ಲಿಯೇ ಒಂದು ಎಚ್.ಐ.ವಿ. ಸೋಂಕಿನ ಮೊಕದ್ದಮೆಯಲ್ಲಿ ಹೇಳಿತ್ತು. ಆ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಟ್ಟಾಗಿ ಕುಳಿತು, ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕೋರ್ಟಿನ ಮೆಟ್ಟಿಲು ಹತ್ತಿದ ನಮ್ಮ ನಾಡಿನ ಆ ಹಿರಿಯರ ಹೆಸರು, ಮಿಲ್ಲಿನ ಗೇಟಿನಲ್ಲಿ ನಿಂತು ಹಕ್ಕು ಕೇಳುವವನಿಗೂ ಗೊತ್ತಿರಬೇಕು.

ಬೇರೆ ದೇಶದವರು ಇದನ್ನು ಹೇಗೆ ಬಗೆಹರಿಸಿದ್ದಾರೆಂದು ನೋಡಿದರೆ, ಆಶ್ಚರ್ಯವೆಂದರೆ, ಬಂಡವಾಳಗಾರರ ತವರಾದ ಅಮೆರಿಕದಲ್ಲಿ ನಮಗಿಂತ ಬಿಗಿಯಾದ ಕಟ್ಟಲೆ ಅರ್ಧ ಶತಮಾನದ ಹಿಂದೆಯೇ ಬಂತು. ಹೆರಾಲ್ಡ್ ಹ್ಯೂಸ್ ಎಂಬಾತ ಲಾರಿ ಡ್ರೈವರನಾಗಿದ್ದವನು, ಮಹಾ ಕುಡುಕನಾಗಿದ್ದು ಬಿಟ್ಟವನು. ಅಯೋವಾ ರಾಜ್ಯದ ಗವರ್ನರನಾಗಿ, ಆ ಮೇಲೆ ಸೆನೆಟರನಾದ. ತಾನು ಕುಡಿತದ ರೋಗಿಯಾಗಿದ್ದೆನೆಂದು ಬಹಿರಂಗವಾಗಿ ಹೇಳಿಕೊಂಡೇ 1970ರಲ್ಲಿ ಕುಡಿತದ ಚಿಕಿತ್ಸೆಯ ಕಾಯಿದೆಯನ್ನು ಮಾಡಿಸಿದ. 1972ರಲ್ಲಿ ಮಾದಕ ವಸ್ತುಗಳ ಚಿಕಿತ್ಸೆಗೂ ಅಂಥದೇ ಕಾಯಿದೆ ಬಂತು. ದಾಖಲೆಗಳ ಗುಟ್ಟಿನ ನಿಯಮಗಳು 1975ರಲ್ಲಿ ಪ್ರಕಟವಾದವು. ಅವುಗಳ ಪ್ರಕಾರ ವ್ಯಸನ ಚಿಕಿತ್ಸೆಯ ಕೇಂದ್ರದವನು "ಇಂಥವರು ನಿಮ್ಮಲ್ಲಿದ್ದಾರೆಯೇ" ಎಂಬ ಪ್ರಶ್ನೆಗೆ, ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ, ಹೌದು ಎಂದು ಕೂಡ ಹೇಳುವಂತಿಲ್ಲ. ಪೊಲೀಸರಿಗೆ ಸಾಮಾನ್ಯ ಸಮನ್ಸು ಸಾಲದು. ಈ ದಾಖಲೆಗೆಂದೇ ನ್ಯಾಯಾಧೀಶರು ವಿಚಾರಿಸಿ ಕೊಟ್ಟ ಆಜ್ಞೆ ಬೇಕು. ಸೇರುವಾಗಲೇ ಹಕ್ಕುಗಳ ಚೀಟಿಯನ್ನು ರೋಗಿಯ ಕೈಗೆ ಕೊಡಬೇಕು. 2024ರಲ್ಲಿ ಅಲ್ಲಿಯೂ ಸ್ವಲ್ಪ ಸಡಿಲ ಮಾಡಿದ್ದಾರೆ. ಚಿಕಿತ್ಸೆ, ಹಣಪಾವತಿ ಮುಂತಾದವುಗಳಿಗೆ ಒಂದೇ ಸಲದ ಒಪ್ಪಿಗೆ ಮುಂದಕ್ಕೂ ಸಾಕೆಂದು ಮಾಡಿದ್ದಾರೆ. ಆದಾಗ್ಯೂ ರೋಗಿಯ ದಾಖಲೆಯನ್ನು ಅವನ ವಿರುದ್ಧವೇ ಮೊಕದ್ದಮೆಯಲ್ಲಿ ಬಳಸುವುದಕ್ಕೆ ತಡೆಯನ್ನು ಉಳಿಸಿಕೊಂಡಿದ್ದಾರೆ.

ನಮ್ಮಲ್ಲಿ ಗಾಳಿ ಯಾವ ಕಡೆಗೆ ಬೀಸುತ್ತಿದೆ? 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯಿದೆ ಎಂದು ಒಂದು ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಟವು. ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ವಾಯಿದೆ ಕೊಟ್ಟರು. ಗಣಕಯಂತ್ರದಲ್ಲಿರುವ ನಮ್ಮ ಸಂಗತಿಯನ್ನು ಕಾಯುವ ಕಾಯಿದೆಯಂತೆ. ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡವೆಂದು ಡಂಗುರ ಸಾರಿದ್ದಾರೆ. ಆದರೆ ಅದರ 7ನೆಯ ಕಲಮನ್ನು ಓದಿದವರು ಎಷ್ಟು ಮಂದಿ? ಒಪ್ಪಿಗೆ ಕೇಳದೆಯೇ ಒಬ್ಬನ ಸಂಗತಿಯನ್ನು ಬಳಸಬಹುದಾದ ಸಂದರ್ಭಗಳ ಪಟ್ಟಿಯಲ್ಲಿ "ಉದ್ಯೋಗದ ಉದ್ದೇಶಗಳಿಗಾಗಿ" ಮತ್ತು ಮಾಲೀಕನನ್ನು "ನಷ್ಟ ಅಥವಾ ಹೊಣೆಗಾರಿಕೆಯಿಂದ ರಕ್ಷಿಸುವುದಕ್ಕಾಗಿ" ಎಂದು ಸೇರಿಸಿದ್ದಾರೆ. ಮಾನಸಿಕ ಆರೋಗ್ಯ ಕಾಯಿದೆಯ ಪಟ್ಟಿಯಲ್ಲಿ ಇಲ್ಲದಿದ್ದ ಮಾಲೀಕ ಹಿಂಬಾಗಿಲಿನಿಂದ ಇಲ್ಲಿ ಬಂದು ಕುಳಿತಿದ್ದಾನೆ! ಕುಡಿತದ ರೋಗಿಯನ್ನು ಕೆಲಸದಲ್ಲಿಟ್ಟುಕೊಂಡರೆ ನಷ್ಟವಾದೀತೆಂದು ಯಾವ ಮಾಲೀಕ ವಾದಿಸಲಾರ? ಮಾನಸಿಕ ಆರೋಗ್ಯ ಕಾಯಿದೆಯ ಗುಟ್ಟಿನ ಹಕ್ಕನ್ನು ಇದರಿಂದ ಮುರಿಯಲಾಗದೆಂದೇ ನಮ್ಮ ವಾದ. ಕೋರ್ಟಿನಲ್ಲಿ ಅದು ತೀರ್ಮಾನವಾಗುವ ತನಕ ಬಡವನ ಕೆಲಸ ಕಾದಿರುತ್ತದೆಯೇ ಎಂಬುದು ಬೇರೆ ಮಾತು.

ವಿಮೆಯ ದಾರಿಯೂ ಒಂದು ಬಿರುಕು. ಮನಸ್ಸಿನ ಖಾಯಿಲೆಗೂ ದೇಹದ ಖಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯಿದೆಯಲ್ಲಿ ಬರೆದದ್ದು ಒಳ್ಳೆಯದೇ. ಆದರೆ ಗುಂಪು ವಿಮೆ ಮಾಡಿಸಿದ ಕಾರ್ಖಾನೆಯಲ್ಲಿ ಕ್ಲೇಮಿನ ಅರ್ಜಿ ಆಫೀಸಿನ ಮೇಜಿನ ಮೂಲಕವೇ ಹೋಗುವ ಏರ್ಪಾಡಿದ್ದರೆ, ಖಾಯಿಲೆಯ ಹೆಸರು ಗುಮಾಸ್ತನ ಕಣ್ಣಿಗೆ ಬೀಳದೆ ಇರುವುದು ಹೇಗೆ? ಅರ್ಜಿ ನೇರವಾಗಿ ವಿಮಾ ಕಂಪನಿಗೆ ಹೋಗುವಂತೆ ಮಾಡಬೇಕು. ಇನ್ನು 2021ರಿಂದ ಬಂದಿರುವ 14 ಅಂಕಿಗಳ ಆಭಾ ಆರೋಗ್ಯ ಸಂಖ್ಯೆ. ಅದನ್ನು ಮಾಡಿಸುವುದೂ, ಮಾಡಿಸಿದ್ದರೂ ಈ ಚಿಕಿತ್ಸೆಯ ದಾಖಲೆಯನ್ನು ಅದಕ್ಕೆ ಜೋಡಿಸುವುದೂ ರೋಗಿಯ ಇಚ್ಛೆಗೆ ಬಿಟ್ಟದ್ದು, ಕಡ್ಡಾಯವಲ್ಲ. ಕೌಂಟರಿನಲ್ಲಿ ಕೂತವರು ಕಡ್ಡಾಯವೆಂದರೆ ಎಲ್ಲಿ ಬರೆದಿದೆ ತೋರಿಸಿ ಎಂದು ಕೇಳಿ.

ಸರ್ಕಾರದವರನ್ನೂ ಒಂದು ಮಾತು ಕೇಳದೆ ಬಿಡುವಂತಿಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಬಾಟಲಿಯ ಮದ್ಯ ನಿಲ್ಲಲಿಲ್ಲ. ಅದರ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಯನ್ನು ದಾಟಿದೆ. ಆ ಹಣದಲ್ಲಿ ಹೆಚ್ಚಿನ ಪಾಲು ಯಾರ ಜೇಬಿನದು ಎಂದು ಸಂಬಳದ ದಿನದ ಸಂಜೆ ಮದ್ಯದಂಗಡಿಯ ಮುಂದೆ ನಿಂತು ನೋಡಿದರೆ ತಿಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಬಿಟ್ಟರೆ ಬಡವನು ಧೈರ್ಯವಾಗಿ ಹೋಗಬಹುದಾದ ಸರ್ಕಾರಿ ಜಾಗಗಳನ್ನು ಬೆರಳಲ್ಲಿ ಎಣಿಸಬೇಕು. ಉಳಿದದ್ದು ಗೋಡೆಯ ಮೇಲಿನ ಜಾಹೀರಾತು. ಜಿಲ್ಲೆಗೊಂದು ಕೇಂದ್ರ ತೆರೆಯುವುದು ನಾಳಿನ ಮಾತಾದರೂ, ಈಗಿರುವ ಕೇಂದ್ರಗಳ ಪೈಕಿ ಎಷ್ಟಕ್ಕೆ ನೋಂದಣಿಯಿದೆ ಎಂಬ ಪಟ್ಟಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಕಚೇರಿಯ ಹಲಗೆಯ ಮೇಲೆ ಅಂಟಿಸಲು ಯಾವ ಬಜೆಟ್ಟು ಬೇಕು?

ಈಗ ಮಾಡಬಹುದಾದದ್ದು. ಯೂನಿಯನ್ನಿನವರು ಮುಂದಿನ ಸಲ ಆಡಳಿತದವರ ಜೊತೆ ಮೇಜಿಗೆ ಕುಳಿತಾಗ ಬೋನಸ್ಸು ತುಟ್ಟಿಭತ್ಯಗಳ ಜೊತೆಗೆ ಇದೊಂದನ್ನೂ ಸೇರಿಸಲಿ: ರಜೆಯ ಅರ್ಜಿಯಲ್ಲಿ ಖಾಯಿಲೆಯ ಹೆಸರು ಬರೆಯುವ ಕಾಲಮು ತೆಗೆಯತಕ್ಕದ್ದು, ಡಾಕ್ಟರ ಸರ್ಟಿಫಿಕೇಟಿನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸಕ್ಕೆ ಅಶಕ್ತ, ಈಗ ಯೋಗ್ಯ ಎಂದಿದ್ದರೆ ಒಪ್ಪತಕ್ಕದ್ದು. ಸರ್ಟಿಫಿಕೇಟು ಬರೆಸಿಕೊಳ್ಳುವವರು ಸಂಸ್ಥೆಯ ತಲೆಬರಹ ನೋಡಿಕೊಳ್ಳಿ. "ವ್ಯಸನಮುಕ್ತಿ ಕೇಂದ್ರ" ಎಂದು ದಪ್ಪಕ್ಷರದಲ್ಲಿ ಅಚ್ಚಾದ ಕಾಗದದ ಮೇಲೆ ಖಾಯಿಲೆಯ ಹೆಸರು ಬರೆಯದಿದ್ದರೇನು ಬಂತು? ನೋಡಿದ ಡಾಕ್ಟರು ತಮ್ಮ ಸ್ವಂತ ಚೀಟಿಯ ಮೇಲೆ ಬರೆದುಕೊಡಬಹುದು. ವ್ಯಾಪಾರಿ ಸಂಘದವರಿಗೂ ಒಂದು ವಿನಂತಿ. ಸಂಘದ ಸದಸ್ಯನ ಆಸ್ಪತ್ರೆಯ ಸುದ್ದಿಯನ್ನು ಉದ್ದರಿಯ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬಾಕಿ ತೀರಿಸಿದ್ದಾನೆಯೇ ಎಂಬುದನ್ನು ಖಾತೆ ಪುಸ್ತಕ ಹೇಳುತ್ತದೆ.

ಕೇಂದ್ರಕ್ಕೆ ಸೇರುವವರು, ಸೇರಿಸುವವರು ಮೊದಲು ನೋಂದಣಿ ಪತ್ರ ಕೇಳಿ. ಪ್ರತಿನಿಧಿಯ ಹೆಸರನ್ನು ಮನೆಯಲ್ಲಿಯೇ, ತಲೆ ಸ್ವಸ್ಥವಿರುವಾಗ, ಬಿಳಿ ಕಾಗದದ ಮೇಲೆ ಬರೆದು ಒಂದು ಪ್ರತಿಯನ್ನು ನಂಬಿಕಸ್ಥರ ಬಳಿ ಇಡಿ. ಭಾವಚಿತ್ರದ ಒಪ್ಪಿಗೆಯ ಹಾಳೆಯಿದ್ದರೆ ಅಡ್ಡಗೆರೆ ಎಳೆದು ಸಹಿ ಮಾಡಿ. ಬಿಡುಗಡೆಯ ದಿನ ಚಿಕಿತ್ಸೆಯ ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೇಳಿ, ಅರ್ಜಿಯ ನಕಲಿನ ಮೇಲೆ ಸ್ವೀಕರಿಸಿದ್ದಕ್ಕೆ ಸಹಿ ಪಡೆಯಿರಿ. ಗುಟ್ಟು ಹೊರಬಿದ್ದಿದ್ದರೆ ಯಾರಿಂದ, ಯಾರಿಗೆ, ಯಾವ ದಿನ ಎಂದು ಬರೆದು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಲಿಗೆ ದೂರು ಕಳಿಸಬಹುದು. ಬರೆಯಲು ಬಾರದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಲಿ. 1987ರ ಕಾಯಿದೆಯ 12ನೆಯ ಕಲಮಿನ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಚಿಲ್ಲರೆ ವ್ಯಾಪಾರಿಗಳಿಗೆ ಆದಾಯದ ಮಿತಿಯೊಳಗಿದ್ದರೆ ಸಿಗುತ್ತದೆ. ಮಾನಸಿಕ ಆರೋಗ್ಯ ಕಾಯಿದೆಯ ಹಕ್ಕುಗಳ ವಿಷಯಕ್ಕಾದರೆ ಅದರ 27ನೆಯ ಕಲಮಿನ ಮೇಲೆ ರೋಗಿ ಯಾರೇ ಆಗಿರಲಿ ಉಚಿತ ನೆರವು ಕೇಳಬಹುದು. ಅರ್ಜಿ ಕನ್ನಡದಲ್ಲಿಯೇ ಇರಲಿ.